ಮುಂಜಾನೆ ಚಾಲೂ ಆಗದ ಹಳೆಯ ಸ್ಪೋರ್ಟ್ಸ್ ಕಾರು: ವೆಚ್ಚಕ್ಕೆ ಮುನ್ನ ತಪಾಸಣೆ

ಹಳೆಯ ಕಾರುಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹವ್ಯಾಸವು ನಮ್ಮ ವರ್ತಕರಲ್ಲಿಯೂ ಸಣ್ಣ ಉದ್ದಿಮೆದಾರರಲ್ಲಿಯೂ ಅಪರೂಪವೇನಲ್ಲ. ವೃತ್ತಿಯಿಂದ ಲೆಕ್ಕಪರಿಶೋಧಕನಾದ ನನ್ನ ಕಣ್ಣಿಗೆ ಇಂತಹ ಕಾರುಗಳು ಬೀಳುವುದು ಹೆಚ್ಚಾಗಿ ಬಿಲ್ಲುಗಳ ರೂಪದಲ್ಲಿ. ಅವುಗಳಲ್ಲಿ ಒಂದು ಸಾಮಾನ್ಯ ಲಕ್ಷಣವನ್ನು ಕಂಡಿದ್ದೇನೆ. ಬೆಳಗಿನ ಹೊತ್ತು ಕಾರು ಚಾಲೂ ಆಗುವುದಿಲ್ಲವೆಂಬ ದೂರಿಗೆ ಮೊದಲು ಹೊಸ ಸ್ಪಾರ್ಕ್ ಪ್ಲಗ್‌ಗಳ ಬಿಲ್ಲು, ಅನಂತರ ಕಾಯಿಲ್‌ನದು, ಅನಂತರ ಕಾರ್ಬ್ಯುರೇಟರ್ ಕಿಟ್‌ನದು, ಕೊನೆಗೆ ಇಂಜಿನು ಬಿಚ್ಚುವ ಅಂದಾಜುಪಟ್ಟಿ. ಹಾಕಿದ ಭಾಗಗಳ ಪಟ್ಟಿ ಸಂಪೂರ್ಣವಾಗಿರುತ್ತದೆ. ಆ ಭಾಗವು ಕೆಟ್ಟಿತ್ತೆಂದು ತೋರಿಸುವ ಒಂದು ಅಳತೆಯ ದಾಖಲೆಯೂ ಇರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಹ ವೆಚ್ಚವಿದು.

ತಣ್ಣಗಿರುವ ಇಂಜಿನು ಚಾಲೂ ಆಗದಿರುವುದಕ್ಕೆ ಕಾರಣಗಳು ಅನೇಕವಿದ್ದರೂ ಅವುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಒಂದೊಂದನ್ನೇ ತೊಡೆದು ಹಾಕುತ್ತಾ ಬಂದರೆ ಬಹುತೇಕ ಪ್ರಕರಣಗಳಲ್ಲಿ ದೋಷವು ಇಂಜಿನು ಬಿಚ್ಚುವ ಹಂತಕ್ಕಿಂತ ಬಹಳ ಮೊದಲೇ ಕೈಗೆ ಸಿಗುತ್ತದೆ. ಆ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ಆಯ್ದುಕೊಂಡ ಕಾರು

ಎಲ್ಲಾ ಕಾರ್ಬ್ಯುರೇಟರ್‌ಗಳ ರಚನೆಯೂ ಒಂದೇ ರೀತಿಯದಲ್ಲ. ಆದ್ದರಿಂದ ವಿವರಣೆಗೆ ಒಂದು ನಿರ್ದಿಷ್ಟ ಕಾರನ್ನು ಆಯ್ದುಕೊಳ್ಳುವುದು ಉತ್ತಮ. ಇಂಗ್ಲೆಂಡಿನ ಅಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರು ಇದಕ್ಕೆ ತಕ್ಕ ಮಾದರಿ. 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರಣ ಇದರ ದುರಸ್ತಿಯ ವಿಚಾರಗಳು ಸುಪರಿಚಿತವಾಗಿವೆ. 1798 ಸಿಸಿ ಸಾಮರ್ಥ್ಯದ ನಾಲ್ಕು ಸಿಲಿಂಡರಿನ ಇದರ ಇಂಜಿನು ಬಿ-ಸೀರೀಸ್ ಎಂಬ ವಂಶಕ್ಕೆ ಸೇರಿದ್ದು. ನಮ್ಮ ಹಳೆಯ ಅಂಬಾಸಿಡರ್ ಕಾರಿನಲ್ಲಿದ್ದ 1489 ಸಿಸಿ ಪೆಟ್ರೋಲ್ ಇಂಜಿನು ಇದೇ ವಂಶದ್ದು. ಆದುದರಿಂದ ಅಂಬಾಸಿಡರ್ ಕಾಲದ ಅನುಭವಿ ಮೆಕ್ಯಾನಿಕ್ಕಿಗೆ ಎಂಜಿಬಿಯ ಇಂಜಿನು ಅಪರಿಚಿತವೆನಿಸುವುದಿಲ್ಲ. ಇಂದು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವ ಎಂಜಿ ಕಾರುಗಳಿಗೆ ಹೆಸರಿನ ಹೊರತು ಈ ಹಳೆಯ ಯಂತ್ರದೊಡನೆ ಬೇರೆ ಸಾಮ್ಯವಿಲ್ಲ.

1960ರ ದಶಕದ ಎಂಜಿಬಿಗಳಲ್ಲಿ ಎಸ್‌ಯು ಸಂಸ್ಥೆಯ ಎಚ್‌ಎಸ್4 ಮಾದರಿಯ ಎರಡು ಕಾರ್ಬ್ಯುರೇಟರ್‌ಗಳಿರುತ್ತವೆ. ಮುಂದಿನದು ಮುಂದಿನ ಎರಡು ಸಿಲಿಂಡರುಗಳಿಗೂ ಹಿಂದಿನದು ಹಿಂದಿನ ಎರಡಕ್ಕೂ ಮಿಶ್ರಣವನ್ನು ಒದಗಿಸುತ್ತದೆ.

ಹವೆಯನ್ನು ದೂರುವ ಮುನ್ನ

ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ಬೆರೆತಾಗ ಮಾತ್ರ ಉರಿಯುತ್ತದೆ. 1 ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಬಿಸಿಯಾದ ಇಂಜಿನಿನಲ್ಲಿ ಈ ಪ್ರಮಾಣ ಸರಿಹೊಂದುತ್ತದೆ. ಆದರೆ ಪೆಟ್ರೋಲು ಹಲವು ದ್ರವಗಳ ಮಿಶ್ರಣವಾಗಿದ್ದು, ಅದರಲ್ಲಿ ಕೆಲವು ಅಂಶಗಳು ಮಾತ್ರ ಸಾಧಾರಣ ಉಷ್ಣತೆಯಲ್ಲಿ ಬೇಗನೆ ಆವಿಯಾಗುತ್ತವೆ. ತಣ್ಣನೆಯ ಇಂಜಿನಿನಲ್ಲಿ ಉಳಿದ ಅಂಶಗಳು ಹನಿಗಳಾಗಿ ಒಳಗಿನ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಹೀಗಾಗಿ ಬೇಕಾದಷ್ಟು ಆವಿ ದೊರೆಯಬೇಕಾದರೆ ಹಲವು ಪಟ್ಟು ಹೆಚ್ಚು ಪೆಟ್ರೋಲನ್ನು ಕೆಲಹೊತ್ತು ಒದಗಿಸಬೇಕು. ಇದನ್ನು ದಟ್ಟ ಮಿಶ್ರಣವೆಂದು ಕರೆಯಬಹುದು. ಚೋಕ್ ಎಂಬ ವ್ಯವಸ್ಥೆ ಇರುವುದು ಇದಕ್ಕಾಗಿಯೇ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಈ ಕಾರು ನೀರು ಹೆಪ್ಪುಗಟ್ಟುವ ಇಂಗ್ಲೆಂಡಿನ ಚಳಿಗಾಲದಲ್ಲಿ ದಿನನಿತ್ಯ ಚಾಲೂ ಆಗಬೇಕೆಂದು ನಿರ್ಮಿಸಲ್ಪಟ್ಟದ್ದು. ಬೆಂಗಳೂರಿನ ಜನವರಿಯ ಮುಂಜಾನೆ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೊಡಗು, ಚಿಕ್ಕಮಗಳೂರುಗಳಲ್ಲಿ ಇನ್ನಷ್ಟು ಕಡಿಮೆಯಿದ್ದರೂ ಅದು ಇಂಗ್ಲೆಂಡಿನ ಚಳಿಯಲ್ಲ. ಹಾಗಿರುವಾಗ ನಮ್ಮ ಹವೆಯಲ್ಲಿ ಈ ಕಾರು ಚಾಲೂ ಆಗಲು ನಿರಾಕರಿಸಿದರೆ ಅದಕ್ಕೆ ಚಳಿಯನ್ನು ಹೊಣೆ ಮಾಡಲಾಗದು. ಎಲ್ಲೋ ಒಂದು ದೋಷವಿದೆ. ಬಿಸಿ ಇಂಜಿನು ಅದನ್ನು ಸಹಿಸಿಕೊಳ್ಳುತ್ತದೆ, ತಣ್ಣನೆಯ ಇಂಜಿನು ಬಯಲಿಗೆಳೆಯುತ್ತದೆ. "ಹಳೆಯ ಕಾರು, ಚಳಿಯಲ್ಲಿ ಹೀಗೆಯೇ" ಎಂದು ಸುಮ್ಮನಿರುವುದಾಗಲೀ "ಇಂಜಿನು ಸವೆದಿದೆ" ಎಂದು ತಕ್ಷಣ ತೀರ್ಮಾನಿಸುವುದಾಗಲೀ ಸರಿಯಲ್ಲ.

ಚಾಲೂ ಮಾಡುವ ಕ್ರಮ ಸರಿಯಿದೆಯೇ?

ದೋಷವನ್ನು ಹುಡುಕುವ ಮುನ್ನ ಚಾಲನೆಯ ವಿಧಾನವನ್ನು ಪರಿಶೀಲಿಸತಕ್ಕದ್ದು. ಇದಕ್ಕೆ ಚಿಕ್ಕಾಸಿನ ಖರ್ಚೂ ಇಲ್ಲ.

ಮೊದಲು ಕೀಲಿಯನ್ನು ತಿರುಗಿಸಿ ಸೆಲ್ಫ್ ಹೊಡೆಯದೆ ಕೆಲವು ಕ್ಷಣ ಕಾಯಬೇಕು. ಎಂಜಿಬಿಯಲ್ಲಿ ಪೆಟ್ರೋಲ್ ಪಂಪು ವಿದ್ಯುತ್ತಿನದು. ಕಾರಿನ ಹಿಂಭಾಗದಲ್ಲಿರುವ ಅದು ಟಿಕ್ ಟಿಕ್ ಎಂದು ಸದ್ದು ಮಾಡುತ್ತಾ ಎರಡೂ ಕಾರ್ಬ್ಯುರೇಟರ್‌ಗಳ ಫ್ಲೋಟ್ ಬಟ್ಟಲುಗಳನ್ನು ತುಂಬಿ ತಾನಾಗಿ ನಿಲ್ಲುತ್ತದೆ. ಸದ್ದು ನಿಂತ ಮೇಲೆ ಚೋಕ್ ಗುಂಡಿಯನ್ನು ಪೂರ್ತಿ ಹೊರಕ್ಕೆ ಎಳೆದು ಸೆಲ್ಫ್ ಹೊಡೆಯಬೇಕು. ಆಕ್ಸಿಲರೇಟರನ್ನು ಒತ್ತಬಾರದು.

ಕೊನೆಯ ಮಾತಿಗೆ ಕಾರಣವಿದೆ. ಕೆಲವು ಬಗೆಯ ಕಾರ್ಬ್ಯುರೇಟರ್‌ಗಳಲ್ಲಿ ಆಕ್ಸಿಲರೇಟರಿಗೆ ಜೋಡಿಸಿದ ಒಂದು ಪುಟ್ಟ ಪಂಪು ಇರುತ್ತದೆ. ಅಂಥವುಗಳಲ್ಲಿ ಪೆಡಲನ್ನು ಒಂದೆರಡು ಬಾರಿ ಒತ್ತಿದರೆ ಪೆಟ್ರೋಲು ಒಳಕ್ಕೆ ಚಿಮ್ಮುತ್ತದೆ. ಆ ಅಭ್ಯಾಸವುಳ್ಳ ಚಾಲಕರು ಎಸ್‌ಯು ಕಾರ್ಬ್ಯುರೇಟರಿನಲ್ಲಿಯೂ ಹಾಗೆಯೇ ಮಾಡುತ್ತಾರೆ. ಎಚ್‌ಎಸ್ ಮಾದರಿಯಲ್ಲಿ ಅಂತಹ ಪಂಪು ಇಲ್ಲ. ಪೆಡಲ್ ಒತ್ತಿದರೆ ಥ್ರಾಟಲ್ ತೆರೆದು, ಒಳಗಿನ ಗಾಳಿಯ ಸೆಳೆತ ಕುಗ್ಗಿ, ಪೆಟ್ರೋಲು ಬರುವುದು ಕಡಿಮೆಯಾಗುತ್ತದೆ. ಕಾರು ಬದಲಾದರೂ ಕಾಲಿನ ಅಭ್ಯಾಸ ಬದಲಾಗದ ಕಾರಣದಿಂದಲೇ ಎಷ್ಟೋ ಎಸ್‌ಯು ಕಾರ್ಬ್ಯುರೇಟರ್‌ಗಳು ಸುಮ್ಮನೆ ಬಿಚ್ಚಿಸಿಕೊಳ್ಳುತ್ತವೆ.

ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಇಂಜಿನು ಪೆಟ್ರೋಲಿನಿಂದ ತೋಯ್ದು ಕಟುವಾದ ವಾಸನೆ ಬರುತ್ತಿದ್ದರೆ ಚೋಕ್ ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ನೆಲದವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಪೆಡಲ್ ಒತ್ತುವುದು ಉಚಿತವಾಗುವುದು ಈ ಒಂದು ಸಂದರ್ಭದಲ್ಲಿ ಮಾತ್ರ. ಆಗ ಹೆಚ್ಚಿನ ಗಾಳಿ ಒಳಬಂದು ತೇವವನ್ನು ಒಣಗಿಸುತ್ತದೆ.

ಮೊದಲ ತಪಾಸಣೆ: ವಿದ್ಯುತ್ತು

ಕ್ರಮ ಸರಿಯಿದ್ದೂ ಕಾರು ಚಾಲೂ ಆಗದಿದ್ದರೆ ಕಾರ್ಬ್ಯುರೇಟರಿನ ಕಡೆಗೆ ಹೋಗದೆ ಬ್ಯಾಟರಿಯಿಂದ ಆರಂಭಿಸಬೇಕು. ತಣ್ಣಗಿರುವಾಗ ಇಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ. ಸೆಲ್ಫ್ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಅದು ಎಳೆದು ಉಳಿಸಿದ್ದೇ ಕಾಯಿಲ್‌ಗೆ, ಅಂದರೆ ಸ್ಪಾರ್ಕಿಗೆ ದೊರೆಯುವ ವೋಲ್ಟೇಜು. ಮೋಟಾರು ತಿರುಗುತ್ತಿದೆ ಎಂದ ಮಾತ್ರಕ್ಕೆ ಸ್ಪಾರ್ಕಿಗೆ ಸಾಕಷ್ಟು ಶಕ್ತಿ ಉಳಿದಿದೆಯೆಂದು ಭಾವಿಸಲಾಗದು.

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಈ ಕೆಳಗಿನ ಅಳತೆಗಳನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು.

(1) ರಾತ್ರಿಯೆಲ್ಲಾ ನಿಂತ ಕಾರಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧದಷ್ಟು ಮಾತ್ರ ಉಳಿದಿದೆಯೆಂದು ಅರ್ಥ.

(2) ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಕಂಬಗಳ ನಡುವೆ ವೋಲ್ಟೇಜು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿದೆ.

(3) ಬ್ಯಾಟರಿಯ ಕಂಬಗಳಲ್ಲಿ 10ಕ್ಕಿಂತ ಹೆಚ್ಚಿದ್ದು, ಅದೇ ಹೊತ್ತಿಗೆ ಸೆಲ್ಫ್ ಮೋಟಾರಿನ ಬಳಿ ಗಣನೀಯವಾಗಿ ಕಡಿಮೆ ಇದ್ದರೆ ದೋಷವು ಬ್ಯಾಟರಿಯದಲ್ಲ, ನಡುವಿನ ಕೇಬಲ್ ಮತ್ತು ಜೋಡಣೆಗಳದ್ದು.

ಮೂರನೆಯದನ್ನು ಉಪೇಕ್ಷಿಸಿ ಹೊಸ ಬ್ಯಾಟರಿಗೆ ಹಣ ತೆರುವವರು ಬಹಳ ಮಂದಿ. ಲೆಕ್ಕ ಸರಳವಾಗಿದೆ. ಸೆಲ್ಫ್ ಹೊಡೆಯುವಾಗ 150 ಆಂಪಿಯರ್ ಹರಿಯುತ್ತದೆಂದು ಇಟ್ಟುಕೊಂಡರೆ, ಕಿಲುಬು ಹಿಡಿದ ಒಂದು ಜೋಡಣೆಯ 0.01 ಓಮ್‌ನಷ್ಟು ಅಲ್ಪ ಅಡ್ಡಿಯೂ 1.5 ವೋಲ್ಟನ್ನು ನುಂಗಿಬಿಡುತ್ತದೆ. ಎಂಜಿಬಿಯಲ್ಲಿ ಈ ಅಪಾಯ ಹೆಚ್ಚು. 1974ರವರೆಗಿನ ಕಾರುಗಳಲ್ಲಿ ಸೀಟುಗಳ ಹಿಂದೆ, ನೆಲದ ಕೆಳಗೆ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಹೀಗಾಗಿ ಕಿಲುಬು ಹಿಡಿಯಬಲ್ಲ ಕಂಬಗಳು ನಾಲ್ಕು. ಜೊತೆಗೆ ನಡುವಿನ ಕೇಬಲ್ ಒಂದು. ಇಷ್ಟನ್ನೂ ಬಿಚ್ಚಿ, ಉಜ್ಜಿ, ಬಿಗಿಯಾಗಿ ಕೂರಿಸಲು ಒಂದು ಗಂಟೆಯೂ ಒಂದು ತುಂಡು ಉಜ್ಜುಕಾಗದವೂ ಸಾಕು.

ಇನ್ನೊಂದು ಸ್ಥಳವೂ ಗಮನಾರ್ಹ. ಇಂಜಿನು ರಬ್ಬರಿನ ಆಸರೆಗಳ ಮೇಲೆ ಕುಳಿತಿರುವುದರಿಂದ ಇಂಜಿನಿಗೂ ಕಾರಿನ ಬಾಡಿಗೂ ನಡುವೆ ಒಂದು ಅರ್ಥಿಂಗ್ ಪಟ್ಟಿ ಇರಲೇಬೇಕು. ಅದು ತುಂಡಾಗಿದ್ದರೆ ಅಥವಾ ಹಿಂದಿನ ರಿಪೇರಿಯಲ್ಲಿ ಮರುಜೋಡಣೆಯಾಗದಿದ್ದರೆ ವಿದ್ಯುತ್ತು ಬೇರೆ ದಾರಿ ಹುಡುಕುತ್ತದೆ. ಸಾಮಾನ್ಯವಾಗಿ ಆ ದಾರಿ ಚೋಕ್ ಅಥವಾ ಆಕ್ಸಿಲರೇಟರಿನ ತಂತಿ. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ದೋಷ ಅರ್ಥಿಂಗ್ ಪಟ್ಟಿಯದೆಂದು ತಿಳಿಯಬಹುದು.

ಎಚ್ಚರಿಕೆಯ ಒಂದು ಮಾತು: 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಧನಕಂಬವೇ ಬಾಡಿಗೆ ಜೋಡಿಸಲ್ಪಟ್ಟಿರುತ್ತದೆ. ಇಂದಿನ ಕಾರುಗಳದ್ದು ಇದಕ್ಕೆ ವಿರುದ್ಧ. ಇದನ್ನು ಖಚಿತಪಡಿಸಿಕೊಳ್ಳದೆ ಬೇರೆ ಕಾರಿನ ಬ್ಯಾಟರಿಯಿಂದ ತಂತಿ ಎಳೆದು ಚಾಲೂ ಮಾಡಲು ಹೋಗಬಾರದು.

ಎರಡನೆಯ ತಪಾಸಣೆ: ಪ್ಲಗ್ ಒದ್ದೆಯೋ, ಒಣಗಿದೆಯೋ?

ವೋಲ್ಟೇಜು ಸರಿಯಿದ್ದು, ಚೋಕ್ ಎಳೆದು ಎರಡು ಮೂರು ಬಾರಿ ಸೆಲ್ಫ್ ಹೊಡೆದರೂ ಚಾಲೂ ಆಗದಿದ್ದಲ್ಲಿ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಬೇಕು. ಇಡೀ ತಪಾಸಣೆಯಲ್ಲಿ ಅತ್ಯಂತ ಹೆಚ್ಚು ವಿಷಯವನ್ನು ತಿಳಿಸುವ ಸಾಕ್ಷ್ಯ ಇದು. ಪ್ಲಗ್ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಸ್ಪಾರ್ಕ್ ಸಾಲದು. ಒಣಗಿದ್ದರೆ ಇಂಧನವೇ ತಲಪುತ್ತಿಲ್ಲ. ಮುಂದಿನ ಎರಡು ಒಣಗಿದ್ದು ಹಿಂದಿನ ಎರಡು ಒದ್ದೆಯಾಗಿದ್ದರೆ ಮುಂದಿನ ಕಾರ್ಬ್ಯುರೇಟರ್ ಮಾತ್ರ ಕೆಲಸ ಮಾಡುತ್ತಿಲ್ಲ. ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರಿನ ಸಂಖ್ಯೆಗೆ ಅನುಗುಣವಾಗಿ ಸಾಲಾಗಿ ಇಡಬೇಕು. ಬೆರೆಸಿಬಿಟ್ಟರೆ ಸಾಕ್ಷ್ಯ ನಾಶವಾದಂತೆ.

ಪ್ಲಗ್ ಒಣಗಿದ್ದರೆ: ಇಂಧನ ಮತ್ತು ಚೋಕ್

ಮೊದಲು ಪಂಪಿನ ಸದ್ದನ್ನು ಆಲಿಸಬೇಕು. ಕೀಲಿ ತಿರುಗಿಸಿದರೂ ಸದ್ದೇ ಇಲ್ಲದಿದ್ದರೆ, ಬಟ್ಟಲುಗಳು ಮೊದಲೇ ತುಂಬಿಲ್ಲವೆಂದು ಖಚಿತಪಡಿಸಿಕೊಂಡು, ಪಂಪಿಗೆ ವಿದ್ಯುತ್ತು ತಲಪುತ್ತಿದೆಯೇ ಎಂದು ನೋಡಬೇಕು. ಒಳಗಿನ ಸಂಪರ್ಕ ಬಿಂದುಗಳು ಕಪ್ಪಾಗಿ ಅಂಟಿಕೊಂಡಿರುವುದೂ ಉಂಟು. ಹಗುರವಾಗಿ ತಟ್ಟಿದಾಗ ಪಂಪು ಓಡತೊಡಗಿದರೆ ಕಾರಣ ತಿಳಿದಂತಾಯಿತು. ಸದ್ದು ನಿಲ್ಲದೆ ಬರುತ್ತಲೇ ಇದ್ದರೆ ಟ್ಯಾಂಕು ಖಾಲಿಯಿರಬಹುದು, ಪೈಪಿನಲ್ಲಿ ಗಾಳಿ ಸೇರುತ್ತಿರಬಹುದು ಅಥವಾ ಫ್ಲೋಟ್ ಬಟ್ಟಲಿನ ಸೂಜಿ ಕವಾಟ ಮುಚ್ಚಿಕೊಳ್ಳದೆ ಪೆಟ್ರೋಲು ಉಕ್ಕಿ ಹರಿಯುತ್ತಿರಬಹುದು. ಮೂರನೆಯದಾದರೆ ಬೆಂಕಿಯ ಅಪಾಯವಿದೆ. ತಕ್ಷಣ ಕೀಲಿ ತೆಗೆಯತಕ್ಕದ್ದು.

ಅನಂತರ ಚೋಕ್. ಎಸ್‌ಯು ಎಚ್‌ಎಸ್ ಕಾರ್ಬ್ಯುರೇಟರಿನಲ್ಲಿ ಗಾಳಿಯ ದಾರಿಯನ್ನು ಮುಚ್ಚುವ ರೆಕ್ಕೆಯಿಲ್ಲ. ಒಂದು ಜೆಟ್ಟಿನ ರಂಧ್ರದೊಳಗೆ, ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುವ ಸೂಜಿ ಇಳಿಬಿದ್ದಿರುತ್ತದೆ. ಸೂಜಿಗೂ ರಂಧ್ರದ ಅಂಚಿಗೂ ನಡುವಿನ ಸಂದಿಯಲ್ಲಿ ಪೆಟ್ರೋಲು ಹರಿಯುತ್ತದೆ. ಚೋಕ್ ಎಳೆದಾಗ ಜೆಟ್ಟು ಕೆಳಕ್ಕೆ ಇಳಿಯುತ್ತದೆ. ಸೂಜಿಯ ಹೆಚ್ಚು ಸಣ್ಣಗಿನ ಭಾಗ ರಂಧ್ರದ ಬಾಯಿಗೆ ಬಂದು ಸಂದಿ ದೊಡ್ಡದಾಗಿ ಮಿಶ್ರಣ ದಟ್ಟವಾಗುತ್ತದೆ.

ಆದರೆ ಚೋಕ್ ಗುಂಡಿಯ ಎಳೆತದ ಮೊದಲ ಭಾಗದಲ್ಲಿ ಜೆಟ್ಟು ಇಳಿಯುವುದೇ ಇಲ್ಲ. ಆ ಭಾಗವು ಥ್ರಾಟಲನ್ನು ಕೊಂಚ ತೆರೆದು ಇಂಜಿನಿನ ವೇಗವನ್ನಷ್ಟೇ ಹೆಚ್ಚಿಸುತ್ತದೆ. ಜೆಟ್ಟು ಇಳಿಯುವುದು ಎಳೆತದ ಉಳಿದ ಭಾಗದಲ್ಲಿ. ಆದ್ದರಿಂದ ಕೇಬಲ್ ಜಗ್ಗಿಹೋಗಿದ್ದರೆ ಅಥವಾ ಅದರ ಹಿಡಿಕೆ ಸಡಿಲವಾಗಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಪೂರ್ತಿ ಹೊರಬಂದಂತೆ ಕಂಡರೂ ಜೆಟ್ಟು ಅಲುಗಿರುವುದಿಲ್ಲ.

ಪರೀಕ್ಷೆ ಹೀಗೆ. ಒಬ್ಬರು ಗುಂಡಿಯನ್ನು ನಿಧಾನವಾಗಿ ಪೂರ್ತಿ ಎಳೆಯಲಿ. ಇನ್ನೊಬ್ಬರು ಬಾನೆಟ್ ತೆರೆದು ಎರಡೂ ಕಾರ್ಬ್ಯುರೇಟರ್‌ಗಳ ಅಡಿಯಲ್ಲಿ ಟಾರ್ಚು ಹಿಡಿದು ಜೆಟ್ಟುಗಳು ಇಳಿಯುತ್ತವೆಯೇ, ಎರಡೂ ಒಟ್ಟಿಗೆ ಇಳಿಯುತ್ತವೆಯೇ, ಗುಂಡಿ ಒಳಕ್ಕೆ ಹೋದಾಗ ಎರಡೂ ಪೂರ್ತಿ ಮೇಲೇರುತ್ತವೆಯೇ ಎಂಬುದನ್ನು ನೋಡಲಿ. ಒಂದು ಮಾತ್ರ ಇಳಿದರೆ ಇಂಜಿನು ಎರಡೇ ಸಿಲಿಂಡರುಗಳಲ್ಲಿ ನಡುಗುತ್ತಾ ಚಾಲೂ ಆಗುತ್ತದೆ, ಇಲ್ಲವೇ ಆಗುವುದೇ ಇಲ್ಲ. ಎರಡು ನಿಮಿಷದ ಈ ನೋಟವನ್ನು ಬಿಟ್ಟು ಕಾರ್ಬ್ಯುರೇಟರನ್ನೇ ಬದಲಿಸುವುದು ಬಾಗಿಲಿನ ಅಗುಳಿ ಸಡಿಲವಾಗಿದೆಯೆಂದು ಮನೆ ಕೆಡವಿದಂತೆ.

ಇದರ ಜೊತೆಗೆ ಕಾರ್ಬ್ಯುರೇಟರಿನ ಒಳಗಿನ ಪಿಸ್ಟನ್ನನ್ನು ಎತ್ತಿ ಬಿಡಬೇಕು. ಅದು ತಡೆಯಿಲ್ಲದೆ ಇಳಿದು ಲೋಹ ತಾಗಿದ ಸಣ್ಣ ಸದ್ದು ಕೇಳಿಸಬೇಕು. ಮೇಲೆಯೇ ಸಿಕ್ಕಿಕೊಂಡರೆ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ. ಇಂಜಿನು ಚಾಲೂ ಆಗಿ, ಕಾರು ಹೊರಡುವಾಗ ಮಾತ್ರ ಕೆಮ್ಮಿ ನಿಲ್ಲುತ್ತಿದ್ದರೆ ಕಾರ್ಬ್ಯುರೇಟರಿನ ತಲೆಯ ಮೇಲಿನ ಡ್ಯಾಂಪರಿನ ಎಣ್ಣೆ ಬತ್ತಿರಬಹುದು. ಟೊಳ್ಳು ಕಂಬಿಯ ಮೇಲ್ತುದಿಯಿಂದ ಅರ್ಧ ಇಂಚು ಮೇಲಕ್ಕೆ ಬರುವಷ್ಟು ಎಸ್‌ಎಇ 20 ದರ್ಜೆಯ ಎಣ್ಣೆ ಅಲ್ಲಿರಬೇಕು.

ಪ್ಲಗ್ ಒದ್ದೆಯಾಗಿದ್ದರೆ: ಸ್ಪಾರ್ಕ್

ಪ್ಲಗ್‌ಗಳನ್ನು ಒರೆಸಿ ಒಣಗಿಸಿ, 0.025 ಇಂಚಿನ ಅಂತರಕ್ಕೆ ಹೊಂದಿಸಬೇಕು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಅಂತರ 0.014ರಿಂದ 0.016 ಇಂಚಿನ ನಡುವೆ ಇರಬೇಕು. ಅವುಗಳ ಮುಖ ಸುಟ್ಟು ಕುಳಿಬಿದ್ದಿದ್ದರೆ ಕಂಡೆನ್ಸರಿನ ಮೇಲೆ ಅನುಮಾನ ಪಡಬೇಕು. ಮುಚ್ಚಳದ ಒಳಭಾಗದಲ್ಲಿ ಕೂದಲೆಳೆಯಂತಹ ಬಿರುಕಾಗಲೀ ಇಬ್ಬನಿಯ ತೇವವಾಗಲೀ ಇದ್ದರೆ ಕಿಡಿ ಪ್ಲಗ್‌ಗೆ ತಲಪದೆ ಅಡ್ಡದಾರಿ ಹಿಡಿಯುತ್ತದೆ. ಹಳೆಯ ಕಾರುಗಳಿಗಾಗಿ ಈಗ ತಯಾರಾಗುವ ರೋಟರ್ ಮತ್ತು ಕಂಡೆನ್ಸರುಗಳ ಗುಣಮಟ್ಟ ಒಂದೇ ಸಮನಾಗಿರುವುದಿಲ್ಲ. ಆದಕಾರಣ ಹೊಸದು ಹಾಕಿದ ಮಾತ್ರಕ್ಕೆ ಆ ಭಾಗವನ್ನು ಅನುಮಾನದ ಪಟ್ಟಿಯಿಂದ ತೆಗೆಯಬಾರದು. ತೆಗೆದ ಹಳೆಯ ಭಾಗವನ್ನು ಎಸೆಯಲೂ ಬಾರದು.

ಒಂದು ಸೂಕ್ಷ್ಮ ಲಕ್ಷಣವನ್ನು ಇಲ್ಲಿ ಹೇಳಬೇಕು. ಸೆಲ್ಫ್ ಹೊಡೆಯುವಷ್ಟು ಹೊತ್ತೂ ಮೌನವಾಗಿದ್ದು, ಕೀಲಿಯನ್ನು ಬಿಟ್ಟ ಕ್ಷಣದಲ್ಲಿ ಇಂಜಿನು ಒಮ್ಮೆ ಗುಡುಗಿ ಹಿಡಿದುಕೊಳ್ಳುವುದುಂಟು. ಮೋಟಾರು ನಿಂತೊಡನೆ ವೋಲ್ಟೇಜು ಮೇಲೇರಿ ಕಿಡಿ ಬಲಗೊಂಡಿತೆಂಬುದು ಇದರ ಅರ್ಥ. ಅಂದರೆ ಮತ್ತೆ ಮೊದಲ ತಪಾಸಣೆಗೇ ಮರಳಬೇಕು.

ಇಷ್ಟೆಲ್ಲವೂ ಸರಿಯಿದ್ದ ಮೇಲೆಯೇ ಇಂಜಿನಿನ ಒಳಗಿನ ವಿಚಾರ. ಮೊದಲು ಕವಾಟಗಳ ಸಂದಿಯನ್ನು ಅಳೆಯಬೇಕು. ಬಿಗಿಯಾದ ಕವಾಟ ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ. ಅನಂತರ ನಾಲ್ಕೂ ಸಿಲಿಂಡರುಗಳ ಒತ್ತಡವನ್ನು ಗೇಜಿನಿಂದ ಅಳೆಯಬೇಕು. ಒಂದರಲ್ಲಿ ಕಡಿಮೆಯಿದ್ದು, ಒಂದು ಚಮಚ ಆಯಿಲ್ ಹಾಕಿ ಅಳೆದಾಗ ಹೆಚ್ಚಿದರೆ ರಿಂಗುಗಳು ಸವೆದಿವೆ; ಹೆಚ್ಚದಿದ್ದರೆ ಕವಾಟಗಳ ದೋಷ. ಇಂಜಿನು ಬಿಚ್ಚುವ ಅಂದಾಜುಪಟ್ಟಿಗೆ ಒಪ್ಪಿಗೆ ಕೊಡುವ ಮುನ್ನ ಈ ನಾಲ್ಕು ಅಂಕಿಗಳನ್ನು ಬರಹದಲ್ಲಿ ಕೇಳುವ ಹಕ್ಕು ಮಾಲೀಕನಿಗಿದೆ.

ಸಸ್ಪೆನ್ಸ್ ಖಾತೆಯ ರಿಪೇರಿ

ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಎರಡೂ ಬದಿಯನ್ನು ಸಮ ಮಾಡುವುದನ್ನು ನಾವೆಲ್ಲರೂ ಬಲ್ಲೆವು. ಅಂಕಿ ಹೊಂದುತ್ತದೆ, ತಪ್ಪು ಅಲ್ಲೇ ಉಳಿಯುತ್ತದೆ. ಕಾರ್ಬ್ಯುರೇಟರಿನಲ್ಲಿಯೂ ಇಂತಹುದೊಂದು ಖಾತೆಯಿದೆ. ಜೆಟ್ಟಿನ ಅಡಿಯಲ್ಲಿರುವ ಮಿಶ್ರಣದ ನಟ್ಟನ್ನು ಕೆಳಕ್ಕೆ ತಿರುಗಿಸಿದರೆ ಜೆಟ್ಟು ಶಾಶ್ವತವಾಗಿ ಇಳಿದು ಮಿಶ್ರಣ ಸದಾಕಾಲ ದಟ್ಟವಾಗಿರುತ್ತದೆ. ಚೋಕ್ ಕೇಬಲ್ ಸಡಿಲವಾಗಿದ್ದರೂ ಬೆಳಿಗ್ಗೆ ಕಾರು ಚಾಲೂ ಆಗುತ್ತದೆ. ಮಾಲೀಕನಿಗೆ ಸಮಾಧಾನ, ಗ್ಯಾರೇಜಿಗೆ ಹಣ ಸಂದಾಯ.

ಇದರ ಬಡ್ಡಿ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಬಿಸಿಯಾದ ಮೇಲೂ ಹೆಚ್ಚಿನ ಪೆಟ್ರೋಲು ಹರಿಯುವುದರಿಂದ ಮೈಲೇಜು ಇಳಿಯುತ್ತದೆ. ಪ್ಲಗ್‌ಗಳ ಮೇಲೆ ಮಸಿ ಕೂಡುತ್ತದೆ. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯ ಪದರವನ್ನು ತೊಳೆದು ಕೆಳಗಿನ ಆಯಿಲ್‌ನೊಡನೆ ಬೆರೆಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲಿನ ವಾಸನೆ ಬಂದರೆ ಈ ಹಂತ ತಲಪಿದಂತೆ. ಆಗ ರಿಂಗುಗಳು ಸವೆದು, ಒತ್ತಡ ಇಳಿದು, ತಣ್ಣನೆಯ ಚಾಲನೆ ಮತ್ತಷ್ಟು ಕಷ್ಟವಾಗಿ, ಯಾವ ಓವರ್‌ಹಾಲ್ ಅನಗತ್ಯವಾಗಿತ್ತೋ ಅದೇ ಅಗತ್ಯವಾಗುತ್ತದೆ. ಆದುದರಿಂದ ಮಿಶ್ರಣದ ನಟ್ಟನ್ನು ಇಂಜಿನು ಪೂರ್ತಿ ಬಿಸಿಯಾದಾಗ, ಬಿಸಿ ಓಟಕ್ಕೆ ತಕ್ಕಂತೆ ಮಾತ್ರ ಹೊಂದಿಸಬೇಕು. ತಣ್ಣನೆಯ ಕೊರತೆಯನ್ನು ಚೋಕ್ ಖಾತೆಯಲ್ಲಿಯೇ ಸರಿಪಡಿಸಬೇಕು.

ಎಥನಾಲ್ ಬೆರೆತ ಪೆಟ್ರೋಲು

ಈ ಕಾರು ತಯಾರಾದ ಕಾಲದಲ್ಲಿ ಇಲ್ಲದಿದ್ದ ಒಂದು ಅಂಶವನ್ನು ಇಂದು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣವು 2025ರಲ್ಲಿ ಶೇಕಡ 20ನ್ನು ಮುಟ್ಟಿತು. 1 ಕಿಲೋ ಎಥನಾಲ್ ಉರಿಯಲು ಸುಮಾರು 9 ಕಿಲೋ ಗಾಳಿ ಸಾಕು. ಶೇಕಡ 20ರ ಮಿಶ್ರಣಕ್ಕೆ ಬೇಕಾಗುವ ಗಾಳಿ 14.7 ಕಿಲೋದಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಅಪ್ಪಟ ಪೆಟ್ರೋಲಿಗೆ ಹೊಂದಿಸಿದ ಸೂಜಿ ಮತ್ತು ಜೆಟ್ಟು ಇದನ್ನು ಅರಿಯವು. ಹೀಗಾಗಿ ಇಂಜಿನಿಗೆ ದೊರೆಯುವ ಮಿಶ್ರಣ ಸುಮಾರು ಶೇಕಡ 8ರಷ್ಟು ತೆಳುವಾಗುತ್ತದೆ. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಕಂಪ್ಯೂಟರು ಇದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬ್ಯುರೇಟರಿನಲ್ಲಿ ಟ್ಯೂನಿಂಗ್ ಮಾಡುವವನೇ ಸರಿದೂಗಿಸಬೇಕು.

ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಬೇಡುತ್ತದೆ. ತಣ್ಣನೆಯ ಇಂಜಿನಿನಲ್ಲಿ ಕೊರತೆಯಿರುವುದೇ ಶಾಖಕ್ಕೆ. ಅದಲ್ಲದೆ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಬಗೆಯ ರಬ್ಬರ್ ಹೋಸುಗಳನ್ನು ಮೆತ್ತಗಾಗಿಸುತ್ತದೆ. ವಾರಗಟ್ಟಲೆ ನಿಂತ ಕಾರಿನಲ್ಲಿ ಪೆಟ್ರೋಲಿನ ಬೇಗ ಆವಿಯಾಗುವ ಅಂಶಗಳು ಬಟ್ಟಲಿನಿಂದ ಹಾರಿಹೋಗಿರುತ್ತವೆ. ಚಾಲನೆಗೆ ಬೇಕಾದದ್ದೇ ಆ ಅಂಶಗಳು. ಆದಕಾರಣ ಮೂರು ಕ್ರಮಗಳನ್ನು ಕೈಗೊಳ್ಳುವುದು ಒಳ್ಳೆಯದು. ಇಂಧನದ ಹೋಸುಗಳನ್ನೆಲ್ಲಾ ಎಥನಾಲ್ ತಾಳುವ ದರ್ಜೆಯವಕ್ಕೆ ಬದಲಾಯಿಸುವುದು. ಕಾರನ್ನು ಬಹುದಿನ ನಿಲ್ಲಿಸುವುದಾದರೆ ಹಳೆಯ ಪೆಟ್ರೋಲು ತೆಗೆದು, ಮತ್ತೆ ಹೊರಡುವಾಗ ಹೊಸದನ್ನು ತುಂಬುವುದು. ನಿಂತಲ್ಲಿಯೇ ಐದು ನಿಮಿಷ ಓಡಿಸಿ ಬಿಡುವ ಬದಲು ಇಂಜಿನು ಪೂರ್ತಿ ಬಿಸಿಯಾಗುವವರೆಗೆ ಓಡಿಸುವುದು.

ಮೂಲಸ್ವರೂಪವೇ ಬಂಡವಾಳ

ಕೆಲವರು ಬೇಸತ್ತು "ಇಂಜಿನನ್ನೇ ಬದಲಿಸಿಬಿಡೋಣ" ಎನ್ನುವುದುಂಟು. ಇದರ ಪರಿಣಾಮ ಗ್ಯಾರೇಜಿನ ಬಿಲ್ಲಿಗೆ ಮುಗಿಯುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ವಾಹನವೆಂದು ನೋಂದಣಿಗೆ ಅರ್ಹವಾಗಿವೆ. ಆದರೆ ವಾಹನವು ಮೂಲಸ್ವರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಇಂಜಿನಿನಲ್ಲಿ ಮಾರ್ಪಾಡು ಮಾಡಿದ ಗಣನೀಯ ಬದಲಾವಣೆ ಆಗಿರಬಾರದು. ಹೊಸ ನೋಂದಣಿಯ ಶುಲ್ಕವನ್ನು 20,000 ರೂಪಾಯಿ ಎಂದೂ ಅವಧಿಯನ್ನು 10 ವರ್ಷವೆಂದೂ ಆ ತಿದ್ದುಪಡಿಯಲ್ಲಿ ನಿಗದಿಪಡಿಸಲಾಯಿತು. ಕೊಳ್ಳುವವನು ಬೆಲೆ ಕಟ್ಟುವುದೂ ಮೂಲಸ್ವರೂಪಕ್ಕೆ. ಕಿಲುಬು ಹಿಡಿದ ಒಂದು ಕೇಬಲಿನ ದೋಷಕ್ಕಾಗಿ ಮೂಲ ಇಂಜಿನನ್ನು ಕಳೆದುಕೊಳ್ಳುವುದು ರಿಪೇರಿಯಲ್ಲ, ಬಂಡವಾಳದ ನಷ್ಟ.

ದಾಖಲೆ ಮತ್ತು ಸುರಕ್ಷತೆ

ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ಕಾರು ಎಷ್ಟು ದಿನ ನಿಂತಿತ್ತು, ಮುಂಜಾನೆಯ ಉಷ್ಣತೆ, ಸೆಲ್ಫ್ ಹೊಡೆಯುವ ಮುನ್ನ ಮತ್ತು ಹೊಡೆಯುವಾಗಿನ ವೋಲ್ಟೇಜು, ಎಷ್ಟನೆಯ ಪ್ರಯತ್ನಕ್ಕೆ ಚಾಲೂ ಆಯಿತು, ಏನನ್ನು ಬದಲಿಸಲಾಯಿತು ಎಂಬುದನ್ನು ಬರೆದಿಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಒಂದೇ ದಿನ ಪ್ಲಗ್, ಕಾಯಿಲ್, ಬ್ಯಾಟರಿ ಮೂರನ್ನೂ ಬದಲಿಸಿ ಕಾರು ಚಾಲೂ ಆದರೆ, ಯಾವುದರಿಂದ ಆಯಿತೆಂಬುದು ತಿಳಿಯುವುದಿಲ್ಲ. ಮುಂದಿನ ಚಳಿಗಾಲದಲ್ಲಿ ಮೂರನ್ನೂ ಮತ್ತೆ ಕೊಳ್ಳಬೇಕಾಗುತ್ತದೆ.

ಮುಚ್ಚಿದ ಗ್ಯಾರೇಜಿನಲ್ಲಿ ಚೋಕ್ ಎಳೆದು ಇಂಜಿನು ಓಡಿಸುವುದು ಪ್ರಾಣಾಪಾಯಕರ. ದಟ್ಟ ಮಿಶ್ರಣದ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಬಹಳ ಹೆಚ್ಚಿರುತ್ತದೆ. ಪ್ಲಗ್ ಬಿಚ್ಚಿ ಕಿಡಿ ನೋಡುವಾಗ ಹತ್ತಿರದಲ್ಲಿ ತೆರೆದ ಪೆಟ್ರೋಲಾಗಲೀ ಅದರ ಆವಿಯಾಗಲೀ ಇರಬಾರದು. ಬೆಂಕಿ ನಂದಿಸುವ ಸಿಲಿಂಡರು ಕೈಗೆಟಕುವಲ್ಲಿರಬೇಕು.

ಇಲ್ಲಿ ಹೇಳಿದ ಕ್ರಮ ಎಂಜಿಬಿಗಷ್ಟೇ ಸೀಮಿತವಲ್ಲ. ಅಂಗಡಿಯ ಹಿಂದೆ ಇಟ್ಟಿರುವ ಸಣ್ಣ ಪೆಟ್ರೋಲ್ ಜನರೇಟರು ಬೆಳಿಗ್ಗೆ ಹಟ ಹಿಡಿದರೂ ಪ್ಲಗ್ ಒದ್ದೆಯೋ ಒಣಗಿದೆಯೋ ಎಂಬ ಪ್ರಶ್ನೆಯೇ ಮೊದಲನೆಯದು. ಗ್ಯಾರೇಜಿನವರೊಡನೆ ಮಾತನಾಡುವಾಗ "ಯಾವ ಭಾಗ ಹಾಕಬೇಕು?" ಎಂದು ಕೇಳುವ ಮುನ್ನ "ಯಾವ ಅಳತೆಯಿಂದ ಅದು ಕೆಟ್ಟಿದೆಯೆಂದು ಗೊತ್ತಾಯಿತು?" ಎಂದು ಕೇಳುವುದನ್ನು ಸದಸ್ಯರು ರೂಢಿ ಮಾಡಿಕೊಳ್ಳಬೇಕೆಂದು ಕೋರುತ್ತೇನೆ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಮೀಟರನ್ನು ಕೈಗೆ ಕೊಟ್ಟು ತೋರಿಸುತ್ತಾನೆ.